ಪ್ಲಾಸ್ಟಿಕ್ ಪೆಟ್ಟಿಗೆಯ ಕಾಮಿಕ್ಸ್‌ಗೆ ಅಷ್ಟು ಬೆಲೆ ಯಾಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಕಾಮಿಕ್ಸ್ ಕೂಡಿಡುವವರು ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಕಾಸರಗೋಡು ಕಡೆಯವು. ಹೊಸೂರು, ತಾಳವಾಡಿ, ಅಕ್ಕಲಕೋಟೆಯಿಂದಲೂ ಬಂದಿವೆ. ಗಡಿಯ ಮನೆಗಳಲ್ಲಿ ಒಂದೇ ಕಪಾಟಿನಲ್ಲಿ ಎರಡು ಮೂರು ಭಾಷೆಯ ಕಾಮಿಕ್ಸ್ ಇರುತ್ತವೆ ಅನ್ನುವುದು ಈ ಪತ್ರಗಳನ್ನು ಓದುವಾಗ ಗೊತ್ತಾಗುತ್ತದೆ, ಅದು ಬಹಳ ಖುಷಿಯ ವಿಷಯ. ಹೆಚ್ಚಿನವರು ಕೇಳಿದ್ದು ಒಂದೇ: ಗ್ರೇಡಿಂಗ್ ಮಾಡಿಸಿದ, ಅಂದರೆ ಪುಸ್ತಕದ ಸ್ಥಿತಿ ನೋಡಿ ಅಂಕ ಹಾಕಿಸಿದ ಕಾಮಿಕ್ಸ್, ಮಾಡಿಸದ ಕಾಮಿಕ್ಸ್, ಇವುಗಳ ಬೆಲೆ ಹೇಗೆ ಅರ್ಥ ಮಾಡಿಕೊಳ್ಳುವುದು ಅಂತ.

ಪ್ರಶ್ನೆ: ಸಾರ್, ನಾನು ಕಾಲೇಜು ವಿದ್ಯಾರ್ಥಿ. ನೆಟ್‌ನಲ್ಲಿ ಒಂದು ಸ್ಪೈಡರ್-ಮ್ಯಾನ್ ಸಂಚಿಕೆ ಒಬ್ಬರ ಹತ್ತಿರ 20 ಡಾಲರ್, ಇನ್ನೊಬ್ಬರ ಹತ್ತಿರ ಅದೇ ಸಂಚಿಕೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 150 ಡಾಲರ್. ಪೆಟ್ಟಿಗೆಗೆ ಇಷ್ಟು ಬೆಲೆಯಾ? — ಒಬ್ಬ ಓದುಗ, ಬದಿಯಡ್ಕ

ಬೆಲೆ ಪೆಟ್ಟಿಗೆಗಲ್ಲ, ಪೆಟ್ಟಿಗೆಯ ಮೇಲೆ ಬರೆದ ನಂಬರಿಗೆ. ಆ ನಂಬರನ್ನು ಕೊಟ್ಟದ್ದು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ಮೂರನೆಯವರು. ಗುಟ್ಟು ಅಲ್ಲೇ ಇದೆ.

ಅಮೆರಿಕದ ಫ್ಲೋರಿಡಾದಲ್ಲಿ ಸಿಜಿಸಿ ಅಂತ ಕಂಪೆನಿ ಇದೆ, 2000ದಲ್ಲಿ ಶುರುವಾದದ್ದು. ಕಾಮಿಕ್ಸ್ ಗ್ರೇಡಿಂಗ್‌ನಲ್ಲಿ ದೊಡ್ಡ ಹೆಸರು ಅದೇ. 2014ರಲ್ಲಿ ಸಿಬಿಸಿಎಸ್ ಅಂತ ಇನ್ನೊಂದು ಬಂತು. ನೀವು ಕಾಮಿಕ್ಸ್ ಕಳಿಸಿದರೆ ಅವರು ಪುಟ ಪುಟ ನೋಡುತ್ತಾರೆ. ಪುಸ್ತಕದ ಬೆನ್ನಿನ, ಅಂದರೆ ಪಿನ್ ಹೊಡೆದ ಮಡಿಕೆಯ ಮೇಲೆ ಸಣ್ಣ ಸಣ್ಣ ಗೆರೆ ಬಿದ್ದಿದೆಯಾ, ಮೂಲೆ ಮೊಂಡಾಗಿದೆಯಾ, ಪಿನ್ನಿಗೆ ತುಕ್ಕು ಹಿಡಿದಿದೆಯಾ, ಒಳಗೆ ಯಾರಾದರೂ ಕೂಪನ್ ಕತ್ತರಿಸಿಕೊಂಡಿದ್ದಾರಾ, ಕಾಗದ ಬಿಳಿಯಾಗಿದೆಯಾ ಅಥವಾ ಹಳದಿ ತಿರುಗಿದೆಯಾ, ಎಲ್ಲ. ಆಮೇಲೆ 0.5ರಿಂದ 10ರವರೆಗಿನ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿ ಸೀಲ್ ಮಾಡಿ ವಾಪಸು ಕಳಿಸುತ್ತಾರೆ. ಈ ಪೆಟ್ಟಿಗೆಗೆ ಸ್ಲ್ಯಾಬ್ ಅನ್ನುತ್ತಾರೆ. ಹೀಗೆ ಮಾಡಿಸದ, ಬಿಡಿಯಾಗಿರುವ ಪುಸ್ತಕ ರಾ ಕಾಪಿ.

ಅಂಕದ ಅಂದಾಜು ಹೀಗೆ. 9.8 ಅಂದರೆ ಈಗಷ್ಟೇ ಪ್ರೆಸ್ಸಿನಿಂದ ಬಂದ ಹಾಗೆ. 9.4 ಅಂದರೆ ನಿಯರ್ ಮಿಂಟ್, ಹತ್ತಿರದಿಂದ ನೋಡಿದರೆ ಮಾತ್ರ ಕುಂದು ಕಾಣುತ್ತದೆ. 8.0 ವೆರಿ ಫೈನ್, 6.0 ಫೈನ್, 4.0 ವೆರಿ ಗುಡ್, 2.0 ಗುಡ್. ಇಲ್ಲಿ ಹೊಸಬರು ಎಡವುತ್ತಾರೆ: ಈ ಲೆಕ್ಕದಲ್ಲಿ ‘ಗುಡ್’ ಅಂದರೆ ಒಳ್ಳೆಯದು ಅಂತಲ್ಲ, ಚೆನ್ನಾಗಿ ಸವೆದ, ಆದರೆ ಪೂರ್ತಿ ಇರುವ ಪುಸ್ತಕ. ಮಾರುವವರು ‘ಗುಡ್ ಕಂಡಿಷನ್’ ಅಂದ ಕೂಡಲೇ ದುಡ್ಡು ಕಳಿಸಬೇಡಿ.

ನಿಮ್ಮ ಬದಿಯಡ್ಕದಲ್ಲಿ ಇದನ್ನು ಅರ್ಥ ಮಾಡಿಸಲು ಕಷ್ಟವೇ ಇಲ್ಲ. ಒಂದೇ ತೋಟದ ಅಡಿಕೆ ಸುಲಿದ ಮೇಲೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಬೇರೆ ಬೇರೆ ಮಾಡುತ್ತೀರಲ್ಲ, ಕ್ಯಾಂಪ್ಕೊದಲ್ಲಿ ಒಂದೊಂದಕ್ಕೆ ಒಂದೊಂದು ದರ. ವಿಂಗಡಿಸದ ರಾಶಿಯನ್ನು ತಗೊಂಡು ಹೋದರೆ ವ್ಯಾಪಾರಿ ಒಳಗೆ ಏನಿದೆಯೋ ಅಂತ ತಗ್ಗಿಸಿಯೇ ದರ ಹೇಳುತ್ತಾನೆ. ರಾ ಕಾಪಿಗೆ 20 ಡಾಲರ್ ಇರುವುದು ಅದೇ ಕಾರಣಕ್ಕೆ. ಅದು 9.8 ಇರಬಹುದು, 7.0 ಇರಬಹುದು, ಹಿಂದಿನವರು ಬಣ್ಣ ತೀಡಿಯೂ ಇರಬಹುದು. ಆ ಅನುಮಾನಕ್ಕೆ ಕೊಳ್ಳುವವನು ಬೆಲೆ ಕಡಿಮೆ ಮಾಡುತ್ತಾನೆ. ಸ್ಲ್ಯಾಬ್ ಆ ಅನುಮಾನವನ್ನು ತೆಗೆಯುತ್ತದೆ.

ಆದರೆ ಒಂದು ಮಾತು. ಅಂಕ ಕೊಡುವವರೂ ಮನುಷ್ಯರೇ. ಅದೇ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಇನ್ನೊಮ್ಮೆ ಕಳಿಸಿದರೆ ಒಂದು ಮೆಟ್ಟಿಲು ಮೇಲೆ ಕೆಳಗೆ ಆಗಬಹುದು. ಅದನ್ನೇ ನಂಬಿ ಮತ್ತೆ ಮತ್ತೆ ಕಳಿಸುವವರೂ ಇದ್ದಾರೆ. ಹಾಗಾಗಿ ಅಂಕವನ್ನು ಅನುಭವಸ್ಥರ ಅಭಿಪ್ರಾಯ ಅಂತ ತಗೊಳ್ಳಿ, ವೇದವಾಕ್ಯ ಅಂತ ಅಲ್ಲ. ಇನ್ನೊಂದು, ಅಂಕ ಹೇಳುವುದು ಪುಸ್ತಕದ ಸ್ಥಿತಿಯನ್ನು ಮಾತ್ರ. ಅದು ಯಾರಿಗೆ ಬೇಕು, ಎಷ್ಟು ಜನಕ್ಕೆ ಬೇಕು ಅನ್ನುವುದನ್ನು ಹೇಳುವುದಿಲ್ಲ. ಯಾರಿಗೂ ಬೇಡದ ಕಾಮಿಕ್ಸ್ 9.8 ಆದರೂ ಯಾರಿಗೂ ಬೇಡ.

ಪ್ರಶ್ನೆ: ನಾನು ನಿವೃತ್ತ ಟೀಚರು. ತರವಾಡು ಮನೆಯ ಅಟ್ಟದಲ್ಲಿ ಒಂದು ಟ್ರಂಕ್ ಕಾಮಿಕ್ಸ್ ಸಿಕ್ಕಿದೆ. ಇಂಗ್ಲಿಷಿನ ಇಂದ್ರಜಾಲ್, ಕನ್ನಡದ ಅಮರ ಚಿತ್ರ ಕಥೆ, ಮಲಯಾಳದ ಪೂಂಪಾಟ್ಟ. ಕೆಲವನ್ನು ನಮ್ಮ ಮಾವ ಹತ್ತು ಹತ್ತು ಸೇರಿಸಿ ಬೈಂಡ್ ಮಾಡಿಸಿದ್ದಾರೆ. ಅಮೆರಿಕದಲ್ಲಿ ಅಟ್ಟದಲ್ಲಿ ಸಿಕ್ಕಿದ ಕಾಮಿಕ್ಸ್ ಕೋಟಿಗಟ್ಟಲೆಗೆ ಹೋಯಿತಂತೆ ಅಂತ ಮಗ ಹೇಳಿದ. ಇವನ್ನೂ ಗ್ರೇಡಿಂಗ್‌ಗೆ ಕಳಿಸಬೇಕಾ? — ಮಂಜೇಶ್ವರದ ಓದುಗರು

ಟೀಚರ್, ಮಗ ಹೇಳಿದ್ದು ನಿಜ. ಅದು 1939ರ ಸೂಪರ್‌ಮ್ಯಾನ್ ಮೊದಲ ಸಂಚಿಕೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅಣ್ಣತಮ್ಮಂದಿರಿಗೆ ತೀರಿಹೋದ ತಾಯಿಯ ಮನೆಯ ಅಟ್ಟದಲ್ಲಿ, ಹಳೆ ಪೇಪರಿನ ಕೆಳಗೆ ರಟ್ಟಿನ ಡಬ್ಬದಲ್ಲಿ ಸಿಕ್ಕಿತ್ತು. ಸಿಜಿಸಿ 9.0 ಅಂಕ ಕೊಟ್ಟಿತು. 2025ರ ನವೆಂಬರಿನಲ್ಲಿ 91 ಲಕ್ಷ ಡಾಲರ್‌ಗೂ ಮೇಲೆ ಹರಾಜಾಯಿತು. ಅಲ್ಲಿನ ತಂಪು ಹವೆಯಿಂದಾಗಿ ಕಾಗದ ಉಳಿಯಿತು ಅಂತ ಹರಾಜು ಕಂಪೆನಿಯವರು ಹೇಳಿದ್ದರು. ನಮ್ಮ ಕರಾವಳಿಯ ಅಟ್ಟಕ್ಕೆ ಆ ಭಾಗ್ಯ ಇಲ್ಲ, ಅದರ ಮಾತು ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ.

ನಿಮ್ಮ ಟ್ರಂಕಿಗೆ ನೇರ ಉತ್ತರ: ಕಳಿಸಬೇಡಿ. ಈಗಲೇ ಅಂತೂ ಬೇಡ.

ಲೆಕ್ಕ ಹಾಕಿ ನೋಡೋಣ. ಗ್ರೇಡಿಂಗ್ ಫೀಸು ಒಂದು ಪುಸ್ತಕಕ್ಕೆ ಕೆಲವು ಹತ್ತು ಡಾಲರ್‌ಗಳಿಂದ ಶುರು, ಪುಸ್ತಕ ಹಳೆಯದಾದಷ್ಟು ಬೆಲೆ ಜಾಸ್ತಿಯಾದಷ್ಟು ಏರುತ್ತದೆ. ಇಲ್ಲಿಂದ ಫ್ಲೋರಿಡಾಕ್ಕೆ ಹೋಗುವ ಕೊರಿಯರ್, ಬರುವ ಕೊರಿಯರ್, ದಾರಿಯ ವಿಮೆ, ವಾಪಸು ಬರುವಾಗ ಕಸ್ಟಮ್ಸ್‌ನವರಿಗೆ ವಿವರಣೆ ಕೊಡುವ ತಲೆನೋವು. ಎಲ್ಲ ಸೇರಿ ಒಂದು ಪುಸ್ತಕಕ್ಕೆ 5,000 ರೂಪಾಯಿ ಬಿತ್ತು ಅಂತ ಇಟ್ಟುಕೊಳ್ಳಿ. ಬಿಡಿಯಾಗಿ 600 ರೂಪಾಯಿಗೆ ಹೋಗುವ ಪುಸ್ತಕ, ಸ್ಲ್ಯಾಬ್ ಆದ ಮೇಲೆ 3,000ಕ್ಕೆ ಹೋದರೂ ನಿಮಗೆ ನಷ್ಟವೇ ಅಲ್ವಾ? ಬೆಲೆ ಐದು ಪಟ್ಟು ಆಯಿತು ಅಂತ ಖುಷಿಪಡುವ ಹಾಗಿಲ್ಲ. ಗ್ರೇಡ್ ಆದ ಬೆಲೆಯಿಂದ ಬಿಡಿ ಬೆಲೆಯನ್ನು ಕಳೆಯಿರಿ. ಉಳಿದದ್ದು ಖರ್ಚಿಗಿಂತ ಸಾಕಷ್ಟು ಜಾಸ್ತಿ ಇದ್ದರೆ ಮಾತ್ರ ಮುಂದಿನ ಯೋಚನೆ.

ಬೈಂಡ್ ಮಾಡಿಸಿದವಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ಬೈಂಡರ್ ಮೂರು ಕಡೆ ಅಂಚು ಕತ್ತರಿಸಿರುತ್ತಾನೆ, ಬೆನ್ನಿಗೆ ಹೊಲಿಗೆ ಹಾಕಿರುತ್ತಾನೆ, ಎಷ್ಟೋ ಸಲ ಮುಖಪುಟವನ್ನೇ ತೆಗೆದಿರುತ್ತಾನೆ. ಆದರೆ ದಯವಿಟ್ಟು ಅವನ್ನು ಬಿಚ್ಚಬೇಡಿ, ಗುಜರಿಗೂ ಹಾಕಬೇಡಿ. ಬೈಂಡ್ ಮಾಡಿದ್ದರಿಂದಲೇ ಅವು ಇಷ್ಟು ವರ್ಷ ಒಟ್ಟಿಗೆ ಉಳಿದವು. ಓದುವ ಪುಸ್ತಕವಾಗಿ ಅವುಗಳಿಗೆ ಬೇರೆಯೇ ಬೆಲೆ ಇದೆ, ನಿಮ್ಮ ಮಾವ ಅದಕ್ಕೇ ಮಾಡಿಸಿದ್ದು.

ಈಗ ಮಾಡಬೇಕಾದ ಕೆಲಸ, ಏನೇನಿದೆ ಅಂತ ಗುರುತು ಹಿಡಿಯುವುದು. ಇದು ಗ್ರೇಡಿಂಗ್‌ಗಿಂತ ಮುಂಚಿನ ಕೆಲಸ, ಮತ್ತು ನನ್ನ ಅಭಿಪ್ರಾಯದಲ್ಲಿ ಜಾಸ್ತಿ ಮುಖ್ಯವಾದ ಕೆಲಸ. ಇಂದ್ರಜಾಲ್ ಕಾಮಿಕ್ಸ್ ಟೈಮ್ಸ್ ಆಫ್ ಇಂಡಿಯಾ ಬಳಗದಿಂದ 1964ರಲ್ಲಿ ಫ್ಯಾಂಟಮ್ ಕಥೆಯೊಂದಿಗೆ ಶುರುವಾಗಿ 1990ರಲ್ಲಿ ನಿಂತುಹೋಯಿತು. ನಂಬರ್ ಚಿಕ್ಕದಾದಷ್ಟು ಹುಡುಕುವವರು ಜಾಸ್ತಿ. ಅವುಗಳ ಮೇಲೆ ತಿಂಗಳು, ವರ್ಷ ಇರುವುದರಿಂದ ಕಷ್ಟವಿಲ್ಲ.

ಅಮರ ಚಿತ್ರ ಕಥೆಯದ್ದು ಬೇರೆ ಕಥೆ, ಅದರಲ್ಲಿ ಕನ್ನಡದವರು ಹೆಮ್ಮೆಪಡುವ ಸಂಗತಿಯೂ ಇದೆ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಬೆಂಗಳೂರಿನ ಐಬಿಎಚ್ (ಇಂಡಿಯಾ ಬುಕ್ ಹೌಸ್) ಪ್ರಕಾಶನದಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಬಂದದ್ದು ಕನ್ನಡದಲ್ಲಿ. ಅವು ಪಾಶ್ಚಾತ್ಯ ಕಿನ್ನರ ಕಥೆಗಳು. ಅದಕ್ಕೇ ಇಂಗ್ಲಿಷ್ ಸರಣಿಯಲ್ಲಿ ಮೊದಲು ಬಂದ ‘ಕೃಷ್ಣ’ ಪುಸ್ತಕದ ನಂಬರ್ 1 ಅಲ್ಲ, 11. ನಿಮ್ಮ ಟ್ರಂಕಿನಲ್ಲಿ ಆ ಮೊದಲ ಹತ್ತರಲ್ಲಿ ಒಂದು ಇದ್ದರೂ ಅದನ್ನು ಬೇರೆ ತೆಗೆದಿಡಿ, ಮೊದಲು ನಮಗೆ ಬರೆಯಿರಿ.

ತೊಂದರೆ ಏನೆಂದರೆ ಅಮರ ಚಿತ್ರ ಕಥೆ ಮತ್ತೆ ಮತ್ತೆ ಮುದ್ರಣವಾಗಿದೆ, ಅದೇ ಮುಖಪುಟ, ಅದೇ ಚಿತ್ರ. ಹಾಗಾದರೆ ಹಳೆಯದು ಯಾವುದು? ಮುಖಪುಟದ ಬೆಲೆ ನೋಡಿ. ಹಿಂಬದಿಯ ಜಾಹೀರಾತು ಮತ್ತು ಒಳಗಿನ ‘ಈಗಾಗಲೇ ಬಂದಿರುವ ಪುಸ್ತಕಗಳು’ ಪಟ್ಟಿ ನೋಡಿ. ಪಟ್ಟಿಯಲ್ಲಿ ನೂರಿನ್ನೂರು ಹೆಸರಿದ್ದರೆ ಅದು ಮೊದಲ ಮುದ್ರಣ ಅಲ್ಲ ಅಂತ ಅಲ್ಲೇ ತಿಳಿಯುತ್ತದೆ. 500ರ ಮೇಲಿನ ನಂಬರ್ ಇರುವ, ದಪ್ಪ ಮುಖಪುಟದ ಪುಸ್ತಕಗಳು ಆಮೇಲಿನ ಡೀಲಕ್ಸ್ ಮರುಮುದ್ರಣಗಳು. ಅವು ಓದಲು ಚೆಂದ, ಸಂಗ್ರಹದ ಬೆಲೆ ಕಡಿಮೆ.

ನಮ್ಮ ದೇಶದ ಕಾಮಿಕ್ಸ್ ಕೊಳ್ಳುವವರು ಇನ್ನೂ ಹೆಚ್ಚಾಗಿ ಬಿಡಿ ಕಾಪಿಯನ್ನೇ ಕೊಳ್ಳುತ್ತಾರೆ. ಕೈಯಲ್ಲಿ ಹಿಡಿದು, ಮೂಸಿ, ಪುಟ ಎಣಿಸಿ ತಗೊಳ್ಳುವ ಅಭ್ಯಾಸ. ಅವರಿಗೆ ಸ್ಲ್ಯಾಬ್‌ಗಿಂತ ಪುಟ ಪೂರ್ತಿ ಇರುವುದು, ಮೊದಲ ಮುದ್ರಣ ಆಗಿರುವುದು ಮುಖ್ಯ. ನೀವೂ ಅದೇ ದಾರಿ ಹಿಡಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಕಾಮಿಕ್ಸ್ ಎಲ್ಲ ಅಲೆ ಅಲೆಯಾಗಿ ಬಾಗುತ್ತವೆ ಮಾರಾಯ್ರೆ. ಪಿನ್ನಿಗೆ ತುಕ್ಕು, ಮುಖಪುಟದಲ್ಲಿ ಕಂದು ಚುಕ್ಕಿ. ಇದರಿಂದ ಗ್ರೇಡ್ ಎಷ್ಟು ಇಳಿಯುತ್ತದೆ? ಲ್ಯಾಮಿನೇಶನ್ ಮಾಡಿಸಲಾ? — ಕುಂಬಳೆಯಿಂದ

ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ಮಾಡಿಸಿದ ದಿನವೇ ಅದರ ಸಂಗ್ರಹದ ಬೆಲೆ ಹೋಯಿತು, ಅದನ್ನು ಬಿಡಿಸುವ ದಾರಿಯೂ ಇಲ್ಲ. ಸೆಲೋ ಟೇಪ್ ಕೂಡ ಹಾಗೇ. ಹರಿದ ಪುಟ ಹರಿದೇ ಇರಲಿ. ಟೇಪಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪ್ ಉದುರಿದರೂ ಕಲೆ ಉಳಿಯುತ್ತದೆ.

ತುಕ್ಕು, ಕಂದು ಚುಕ್ಕಿ, ನೀರಿನ ಕಲೆ, ಅಲೆ, ಎಲ್ಲವೂ ಅಂಕ ಇಳಿಸುತ್ತವೆ. 9ರ ಮೇಲಿನ ಮಾತು ಮುಗಿಯಿತು ಅಂತಲೇ ತಿಳಿಯಿರಿ. ತುಕ್ಕು ಕಾಗದಕ್ಕೆ ಇಳಿದರೆ ಇನ್ನೂ ಕೆಳಗೆ. ಬೂಷ್ಟು ಹಿಡಿದದ್ದನ್ನು ಬೇರೆಯವುಗಳ ಜೊತೆ ಇಡಲೇಬೇಡಿ, ಅದು ಹರಡುತ್ತದೆ.

ಹಳೆ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಅದರಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಗಾಳಿ ಬೆಳಕು ತಾಗಿ ಆಮ್ಲ ಹುಟ್ಟಿ ಕಾಗದ ಒಳಗಿನಿಂದಲೇ ಸುಡುತ್ತಾ ಬರುತ್ತದೆ. ಸೆಕೆ ಮತ್ತು ತೇವ ಎರಡೂ ಸೇರಿದರೆ ಈ ಕೆಲಸ ಬೇಗ ಆಗುತ್ತದೆ, ಕಾಸರಗೋಡಿನಲ್ಲಿ ಎರಡಕ್ಕೂ ಬರ ಇಲ್ಲ. ಗಾಳಿಯ ತೇವಾಂಶ ನೂರಕ್ಕೆ ಐವತ್ತರ ಆಸುಪಾಸು ಇದ್ದರೆ ಕಾಗದಕ್ಕೆ ಒಳ್ಳೆಯದು, ನಮ್ಮಲ್ಲಿ ಜೂನ್ ಜುಲೈಯಲ್ಲಿ ಎಂಬತ್ತು ತೊಂಬತ್ತು. ಅದಕ್ಕೆ ಮಾಡಬೇಕಾದದ್ದು ಇಷ್ಟು. ಒಂದೊಂದು ಪುಸ್ತಕಕ್ಕೆ ಒಂದೊಂದು ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಕವರು. ಬಟ್ಟೆ ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಬೇಡ, ಅದು ಅಂಟಿಕೊಳ್ಳುತ್ತದೆ. ಹಿಂದೆ ಆಸಿಡ್ ಇಲ್ಲದ ಬಿಳಿ ಬೋರ್ಡು. ಶರ್ಟಿನ ಪ್ಯಾಕೆಟ್ಟಿನಲ್ಲಿ ಬರುವ ಕಂದು ರಟ್ಟು ಇಟ್ಟರೆ ಅದರ ಆಮ್ಲ ಪುಸ್ತಕಕ್ಕೇ ಇಳಿಯುತ್ತದೆ. ಆಮೇಲೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾಗುವ ಜೆಲ್ ಸಿಗುತ್ತದೆ, ಬಣ್ಣ ತಿರುಗಿದ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು. ಮಳೆಗಾಲ ಶುರುವಾಗುವ ಮುಂಚೆ, ಮೇ ತಿಂಗಳ ಒಣ ದಿನದಲ್ಲಿ ಪೆಟ್ಟಿಗೆ ಮುಚ್ಚಿದರೆ ಒಳ್ಳೆಯದು. ತೇವದ ದಿನ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಟ್ಟ ಹಾಗಾಗುತ್ತದೆ.

ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಹೊರಗೋಡೆಗೆ ತಾಗಿಸಲೂಬೇಡಿ. ಗೆದ್ದಲು ಬರುವುದು ಅಲ್ಲಿಂದಲೇ. ಪುಸ್ತಕದ ಮೇಲೆ ನುಸಿಗುಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಆದರೆ ಆ ವಾಸನೆ ಕಾಗದಕ್ಕೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ, ಕೊಳ್ಳುವವರು ಮೂಗು ಮುಚ್ಚುತ್ತಾರೆ.

ಸ್ಲ್ಯಾಬ್ ಆದರೆ ಮಳೆಗೆ ಭಯ ಇಲ್ಲ ಅಂತ ಕೆಲವರು ಬರೆದಿದ್ದಾರೆ. ಅದು ತಪ್ಪು ತಿಳಿವಳಿಕೆ. ಸ್ಲ್ಯಾಬ್ ಕೈಯ ಬೆವರಿನಿಂದ, ಮಡಿಕೆಯಿಂದ ಕಾಪಾಡುತ್ತದೆ. ಗಾಳಿಯಾಡದ ಡಬ್ಬಿ ಅದಲ್ಲ. ಅದಕ್ಕೂ ಒಣ ಜಾಗವೇ ಬೇಕು, ಬಿಸಿಲು ಬೀಳದ ಕಪಾಟೇ ಬೇಕು.

ಪ್ರಶ್ನೆ: ಬೆಂಗಳೂರಿನ ಫುಟ್‌ಪಾತಿನಲ್ಲಿ 500 ರೂಪಾಯಿಗೆ ಆಕ್ಷನ್ ಕಾಮಿಕ್ಸ್ ನಂಬರ್ 1 ಸಿಕ್ಕಿತು. ಜೂನ್ 1938, 10 ಸೆಂಟ್ಸ್ ಅಂತ ಮೇಲೆಯೇ ಇದೆ. ಸೂಪರ್‌ಮ್ಯಾನ್ ಕಾರು ಎತ್ತಿದ್ದಾನೆ. ಗ್ರೇಡಿಂಗ್‌ಗೆ ಕಳಿಸಲಾ? — ಹೊಸೂರು

ಮೊದಲು ಸ್ಕೇಲ್ ತಗೊಂಡು ಅಳೆಯಿರಿ. ಉದ್ದ ಹದಿಮೂರೂವರೆ ಇಂಚು, ಅಗಲ ಹತ್ತು ಇಂಚು ಇದ್ದರೆ ಅದು 1974ರಲ್ಲಿ ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿ ಕಂಪೆನಿಯೇ ತಂದ ದೊಡ್ಡ ಗಾತ್ರದ ಮರುಮುದ್ರಣ. ಅದಕ್ಕೆ ಹೊರಗೆ ‘ಫೇಮಸ್ ಫಸ್ಟ್ ಎಡಿಷನ್’ ಅಂತ ಇನ್ನೊಂದು ದಪ್ಪ ಹೊದಿಕೆ ಇತ್ತು. ಅದನ್ನು ಕಿತ್ತರೆ ಒಳಗೆ 1938ರದ್ದೇ ಮುಖಪುಟ, ಅದೇ ಬೆಲೆ, ಅದೇ ಜಾಹೀರಾತು. ಐವತ್ತು ವರ್ಷದಿಂದ ಇದನ್ನು ಅಸಲಿ ಅಂತ ಮಾರುವವರು ಇದ್ದಾರೆ. ಅಸಲಿಯ ಗಾತ್ರ ಸುಮಾರು ಏಳೂಮುಕ್ಕಾಲು ಇಂಚು ಅಗಲ, ಹತ್ತೂಕಾಲು ಇಂಚು ಉದ್ದ. ಸೂಪರ್‌ಮ್ಯಾನ್ ಮೊತ್ತಮೊದಲು ಬಂದದ್ದು ಆ ಸಂಚಿಕೆಯಲ್ಲೇ, ಹಾಗಾಗಿ ಅಸಲಿ ಸಿಕ್ಕಿದರೆ ಸುದ್ದಿಯಾಗುತ್ತದೆ, 2024ರ ಏಪ್ರಿಲಿನಲ್ಲಿ 8.5 ಅಂಕದ ಒಂದು ಪ್ರತಿ 60 ಲಕ್ಷ ಡಾಲರ್‌ಗೆ ಹೋಯಿತು. ಗಾತ್ರ ಸರಿಯಿದ್ದರೂ ಸಣ್ಣ ಗಾತ್ರದ ಮರುಮುದ್ರಣಗಳೂ ಇವೆ, ಹೊಳಪಿನ ಹೊಸ ಕಾಗದ ಇದ್ದರೆ ಅನುಮಾನಪಡಿ.

ಫುಟ್‌ಪಾತಿನಲ್ಲಿ ಹುಡುಕುವುದನ್ನು ಮಾತ್ರ ಬಿಡಬೇಡಿ. ಅಲ್ಲಿ ಬ್ರಿಟನ್ನಿನ ಬೆಲೆ, ಅಂದರೆ ಪೆನ್ಸ್ ಲೆಕ್ಕದ ಬೆಲೆ ಅಚ್ಚಾದ ಮಾರ್ವೆಲ್ ಕಂಪೆನಿಯ ಹಳೆ ಸಂಚಿಕೆ ಕಂಡರೆ ಕೈಬಿಡಬೇಡಿ. ಅದು ಮರುಮುದ್ರಣ ಅಂತ ಎಷ್ಟೋ ಜನ ಪಕ್ಕಕ್ಕಿಡುತ್ತಾರೆ, ಆದರೆ ಅವು ಅಮೆರಿಕದ್ದೇ ಪ್ರೆಸ್ಸಿನಲ್ಲಿ ಅದೇ ಸಮಯಕ್ಕೆ ಬೆಲೆ ಮಾತ್ರ ಬದಲಿಸಿ ಅಚ್ಚಾದ ಮೊದಲ ಮುದ್ರಣಗಳು. ಬ್ರಿಟನ್ನಿನಲ್ಲೇ ಅಚ್ಚಾದ ವಾರಪತ್ರಿಕೆ ಮಾದರಿಯವು ಬೇರೆ, ಅವು ನಿಜವಾಗಿಯೂ ಮರುಮುದ್ರಣ. ಹಾಗೆಯೇ 2004ರಲ್ಲಿ ನಮ್ಮಲ್ಲಿ ಗೋಥಮ್ ಕಾಮಿಕ್ಸ್‌ನವರು ತಂದ ‘ಸ್ಪೈಡರ್-ಮ್ಯಾನ್ ಇಂಡಿಯಾ’. ಧೋತಿ ಉಟ್ಟ ಪವಿತ್ರ ಪ್ರಭಾಕರ್ ಅದರಲ್ಲೇ ಬಂದದ್ದು. ಆ ಪಾತ್ರ 2023ರಲ್ಲಿ ಸಿನಿಮಾಕ್ಕೆ ಬಂದ ಮೇಲೆ ಹುಡುಕುವವರು ಹೆಚ್ಚಿದ್ದಾರೆ. ಇಲ್ಲಿನ ಮುದ್ರಣ, ಅಮೆರಿಕದ ಮುದ್ರಣ ಬೇರೆ ಬೇರೆ, ಯಾವುದು ಅಂತ ನೋಡಿಯೇ ಬೆಲೆ ಮಾತಾಡಿ.

ಪ್ರಶ್ನೆ: ನನಗೆ ಈಗ ಕೆಲಸ ಸಿಕ್ಕಿದೆ. ಒಂದು ಒಳ್ಳೆ ಗ್ರೇಡೆಡ್ ಕಾಮಿಕ್ಸ್ ತಗೊಳ್ಳೋಣ ಅಂತ ಆಸೆ. 9.8 ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದಾ? — ಅಕ್ಕಲಕೋಟೆ

ಕಣ್ಣು ತೆರೆದು ತಗೊಳ್ಳಿ. 1991ರ ಎಕ್ಸ್-ಮೆನ್ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು, ಅದೊಂದು ಗಿನ್ನೆಸ್ ದಾಖಲೆ. ಮುಂದೆ ಬೆಲೆ ಬರುತ್ತದೆ ಅಂತ ಜನ ಓದದೆ ಕವರಿನಲ್ಲಿ ಹಾಕಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಚೊಕ್ಕ ಪ್ರತಿಗಳು ರಾಶಿ ರಾಶಿ ಉಳಿದವು, ಬೆಲೆ ಮಾತ್ರ ಬರಲಿಲ್ಲ. 1962ರ ಅಮೇಜಿಂಗ್ ಫ್ಯಾಂಟಸಿ 15, ಅಂದರೆ ಸ್ಪೈಡರ್-ಮ್ಯಾನ್ ಮೊದಲು ಬಂದ ಸಂಚಿಕೆ, ಅದನ್ನು ಮಕ್ಕಳು ಓದಿ, ಮಡಚಿ, ಎಸೆದರು. ಉಳಿದದ್ದು ಸ್ವಲ್ಪ, ಚೆನ್ನಾಗಿ ಉಳಿದದ್ದು ಇನ್ನೂ ಸ್ವಲ್ಪ. 9.6 ಅಂಕದ ಒಂದು ಪ್ರತಿ 2021ರಲ್ಲಿ 36 ಲಕ್ಷ ಡಾಲರ್‌ಗೆ ಹೋದದ್ದು ಅದಕ್ಕೆ. ಯಾವ ಅಂಕದಲ್ಲಿ ಎಷ್ಟು ಪ್ರತಿ ಇವೆ ಅಂತ ಸಿಜಿಸಿ ತನ್ನ ಸೈಟಿನಲ್ಲಿ ಪಟ್ಟಿ ಇಟ್ಟಿದೆ, ಸೆನ್ಸಸ್ ಅನ್ನುತ್ತಾರೆ. ಕೊಳ್ಳುವ ಮುಂಚೆ ಅದನ್ನು ನೋಡಿ. 9.8 ಸಾವಿರಗಟ್ಟಲೆ ಇದ್ದರೆ ಅವಸರ ಬೇಡ.

ಲೇಬಲ್ಲಿನ ಬಣ್ಣ ನೋಡಿ. ಸಿಜಿಸಿಯಲ್ಲಿ ನೀಲಿ ಅಂದರೆ ಸಾಮಾನ್ಯ, ತಕರಾರಿಲ್ಲದ ಪುಸ್ತಕ. ಹಳದಿ ಅಂದರೆ ಅವರ ಸಾಕ್ಷಿಯ ಎದುರು ಸಹಿ ಹಾಕಿಸಿದ್ದು. ನೇರಳೆ ಅಂದರೆ ರಿಪೇರಿ ಆಗಿದೆ, ಬಣ್ಣ ತೀಡಿದ್ದಾರೆ ಅಥವಾ ಅಂಚು ಕತ್ತರಿಸಿದ್ದಾರೆ. ಹಸಿರು ಅಂದರೆ ಅಂಕಕ್ಕೆ ಒಂದು ‘ಆದರೆ’ ಇದೆ, ಲೇಬಲ್ ಓದಲೇಬೇಕು. 1974ರ ಹಲ್ಕ್ 181 ಇದಕ್ಕೆ ಹೆಸರಾದ ಪುಸ್ತಕ, ವುಲ್ವರಿನ್ ಅನ್ನುವ ಪಾತ್ರ ಪೂರ್ತಿಯಾಗಿ ಬಂದ ಮೊದಲ ಸಂಚಿಕೆ. ಅದರೊಳಗೆ ಕತ್ತರಿಸಿ ಅಂಟಿಸಲು ಒಂದು ಮಾರ್ವೆಲ್ ಸ್ಟ್ಯಾಂಪ್ ಇತ್ತು, ಎಷ್ಟೋ ಮಕ್ಕಳು ಕತ್ತರಿಸಿಕೊಂಡರು. ಹೊರಗೆ ನೋಡಿದರೆ ಹೊಳೆಯುವ ಪುಸ್ತಕ, ಒಳಗೆ ಸ್ಟ್ಯಾಂಪ್ ಇಲ್ಲ, ಬೆಲೆ ಅರ್ಧಕ್ಕಿಂತಲೂ ಕೆಳಗೆ ಬೀಳಬಹುದು. ಇದನ್ನು ರಾ ಕಾಪಿಯಾಗಿ ಫೋಟೊ ನೋಡಿ ಕೊಳ್ಳುವುದು ಬಹಳ ಅಪಾಯ. ಇಂಥಲ್ಲಿ ಸ್ಲ್ಯಾಬ್‌ಗೆ ಕೊಟ್ಟ ದುಡ್ಡು ದಂಡ ಅಲ್ಲ.

ಸ್ಲ್ಯಾಬಿನ ಮೇಲೆ ಒಂದು ಸರ್ಟಿಫಿಕೇಟ್ ನಂಬರ್ ಇರುತ್ತದೆ. ಅದನ್ನು ಕಂಪೆನಿಯ ಸೈಟಿನಲ್ಲಿ ಹಾಕಿ ನೋಡಿ. ಸಂಚಿಕೆ, ಅಂಕ ಹೊಂದಬೇಕು, ಫೋಟೊ ಇದ್ದರೆ ಮುಖಪುಟದ ಗೆರೆಗಳೂ ಹೊಂದಬೇಕು. 2023ರ ಕೊನೆಯ ಹೊತ್ತಿಗೆ ಪೆಟ್ಟಿಗೆಯೊಳಗಿನ ಪುಸ್ತಕವನ್ನೇ ಬದಲಿಸಿ ಕಡಿಮೆ ಅಂಕದ್ದನ್ನು ಜಾಸ್ತಿ ಅಂಕದ ಲೇಬಲ್ಲಿನೊಂದಿಗೆ ಮಾರಿದ ಪ್ರಕರಣ ಬಯಲಾಗಿ ದೊಡ್ಡ ಗಲಾಟೆ ಆಯಿತು. ಪೆಟ್ಟಿಗೆಯ ಅಂಚು ಬಿರುಕು ಬಿಟ್ಟಿದ್ದರೆ, ಒತ್ತಿದ ಗುರುತಿದ್ದರೆ ಬಿಟ್ಟುಬಿಡಿ.

ಬೆಲೆಗೆ ಮಾರುವವರು ಕೇಳುವ ರೇಟು ನೋಡಬೇಡಿ. ನಿಜವಾಗಿ ಮಾರಾಟವಾದ ರೇಟು ನೋಡಿ. ಇಬೇಯಲ್ಲಿ ‘ಸೋಲ್ಡ್’ ಅಂತ ಆರಿಸಿದರೆ ಸಿಗುತ್ತದೆ, ದೊಡ್ಡ ಹರಾಜು ಕಂಪೆನಿಗಳ ಸೈಟಿನಲ್ಲಿ ಹಳೆ ಹರಾಜಿನ ಬೆಲೆ ಇರುತ್ತದೆ. ಒಂದೇ ಮಾರಾಟ ನೋಡಿ ತೀರ್ಮಾನ ಬೇಡ, ಇತ್ತೀಚಿನ ನಾಲ್ಕೈದು ನೋಡಿ. 1970ರಿಂದ ಬರುತ್ತಿರುವ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಕಲಿಯಲು ಒಳ್ಳೆಯದು, ಆದರೆ ಹೊಸ ಸಂಚಿಕೆಗಳ ಬೆಲೆ ತಿಂಗಳಿಗೊಮ್ಮೆ ಬದಲಾಗುವಾಗ ವರ್ಷಕ್ಕೊಮ್ಮೆ ಬರುವ ಪುಸ್ತಕ ಹಿಂದೆ ಬೀಳುತ್ತದೆ.

9.6 ಮತ್ತು 9.8 ನಡುವೆ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ತೀರಾ ಕಡಿಮೆ, ಬೆಲೆಯಲ್ಲಿ ಮಾತ್ರ ಕೆಲವೊಮ್ಮೆ ಎರಡು ಪಟ್ಟು. ನನ್ನನ್ನು ಕೇಳಿದರೆ ಮೊದಲ ಸಂಬಳದಲ್ಲಿ ಆ ತುದಿಯ ಅಂಕದ ಹಿಂದೆ ಹೋಗಬೇಡಿ. ನಿಮಗೆ ನಿಜವಾಗಿ ಪ್ರೀತಿಯಿರುವ ಒಂದು ಹಳೆ ಕೀ ಇಶ್ಯೂ, ಅಂದರೆ ಪಾತ್ರವೊಂದು ಮೊದಲು ಬಂದಂಥ ಮುಖ್ಯ ಸಂಚಿಕೆ, 4.0 ಅಥವಾ 5.0ರಲ್ಲಿ ತಗೊಳ್ಳಿ.

ಪ್ರಶ್ನೆ: ಹಳೆ ಕಾಮಿಕ್ಸ್ ಇಸ್ತ್ರಿ ಮಾಡಿದರೆ ಗ್ರೇಡ್ ಏರುತ್ತದೆ ಅಂತ ಗೆಳೆಯರು ಹೇಳಿದರು, ಹೌದಾ? — ತಾಳವಾಡಿ

ಮನೆಯ ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ಪ್ರೆಸ್ಸಿಂಗ್ ಅಂತ ಒಂದು ಕೆಲಸ ಇದೆ, ಹದ ನೋಡಿ ಬಿಸಿ, ತೇವ, ಒತ್ತಡ ಕೊಟ್ಟು ಬಾಗಿದ್ದನ್ನು ನೇರ ಮಾಡುವುದು. ಅದನ್ನು ಗ್ರೇಡಿಂಗ್‌ನವರು ರಿಪೇರಿ ಅಂತ ಲೆಕ್ಕ ಹಾಕುವುದಿಲ್ಲ, ಅಂಕ ಏರಲೂಬಹುದು. ಆದರೆ ಬಣ್ಣ ಬಿರಿದ ಗೆರೆ, ಹರಿದದ್ದು, ಕಲೆ, ಇವು ಪ್ರೆಸ್ಸಿಂಗ್‌ನಿಂದ ಹೋಗುವುದಿಲ್ಲ. ಅನುಭವ ಇಲ್ಲದೆ ಮಾಡಿದರೆ ಶಾಯಿ ಅಂಟುತ್ತದೆ, ಬೆನ್ನು ಚಪ್ಪಟೆಯಾಗುತ್ತದೆ. ಬಿಳಿ ಕಾಣುವ ಗೆರೆಗೆ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಿಸಿದಿರೋ, ನೇರ ನೇರಳೆ ಲೇಬಲ್.

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೆ ಕಾಮಿಕ್ಸ್ ಕೂಡಿಡುವ ಆಸೆ ಬಂದಿದೆ. ಸ್ಲ್ಯಾಬ್ ಒಂದನ್ನು ಉಡುಗೊರೆ ಕೊಟ್ಟರೆ ಒಳಗಿನದ್ದು ಓದುವುದು ಹೇಗೆ ಅಂತ ಕೇಳುತ್ತಾಳೆ. — ವಿದ್ಯಾನಗರ, ಕಾಸರಗೋಡು

ಅಕ್ಕಾ, ಮಗಳ ಪ್ರಶ್ನೆ ಸರಿಯಾಗಿದೆ. ಸ್ಲ್ಯಾಬ್ ಒಡೆದರೆ ಓದಬಹುದು, ಆದರೆ ಆ ಕ್ಷಣಕ್ಕೆ ಅಂಕ ರದ್ದು, ಪುಸ್ತಕ ಮತ್ತೆ ರಾ ಕಾಪಿ. ಹಾಗಾಗಿ ಅವಳಿಗೆ ಈಗ ಸ್ಲ್ಯಾಬ್ ಬೇಡ. ಬಿಡಿ ಪುಸ್ತಕಗಳನ್ನೇ ಕೊಡಿಸಿ. ಕನ್ನಡ, ಮಲಯಾಳ, ಇಂಗ್ಲಿಷ್ ಯಾವುದಾದರೂ ಸರಿ, ಒಂದು ಸರಣಿಯನ್ನೋ ಒಬ್ಬ ಚಿತ್ರಕಾರನನ್ನೋ ಹಿಡಿದು ಕೂಡಿಡಲಿ. ಬೆಲೆ ಜಾಸ್ತಿಯಿಲ್ಲದ ಪುಸ್ತಕದಲ್ಲೇ ಗ್ರೇಡಿಂಗ್ ಕಲಿಯಬಹುದು. ಕೈ ತೊಳೆದು ಒರೆಸಿ, ಕಿಟಕಿಯ ಬೆಳಕಿಗೆ ಪುಸ್ತಕವನ್ನು ಓರೆಯಾಗಿ ಹಿಡಿದರೆ ಬೆನ್ನಿನ ಗೆರೆ, ಬೆರಳಿನ ಒತ್ತು ಎಲ್ಲ ಕಾಣುತ್ತದೆ. ಪುಟ ಎಣಿಸಲಿ, ನಡುಪುಟದ ಪಿನ್ನು ನೋಡಲಿ, ತನ್ನ ಅಂಕವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಲಿ, ಕೆಲವು ತಿಂಗಳು ಬಿಟ್ಟು ಅದೇ ಪುಸ್ತಕಕ್ಕೆ ಮತ್ತೆ ಅಂಕ ಕೊಟ್ಟು ಹೋಲಿಸಲಿ. ಪೆಟ್ಟಿಗೆ ಮೇಲಿನ ನಂಬರ್ ನೋಡಿ ಕೊಳ್ಳುವ ದೊಡ್ಡವರಿಗಿಂತ ಅವಳ ಕಣ್ಣು ಬೇಗ ಪಳಗುತ್ತದೆ, ಇದು ನನಗೆ ಖಂಡಿತ ಅನ್ನಿಸುತ್ತದೆ.

ಮುಂದಿನ ಸಂಚಿಕೆಗೆ ಪುಸ್ತಕದ ಫೋಟೊ ಕಳಿಸುವವರು ಕವರಿನಿಂದ ಹೊರಗೆ ತೆಗೆದು ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮುಖಪುಟ, ಹಿಂಬದಿ, ಬೆನ್ನು, ನಡುಪುಟದ ಪಿನ್ನು, ಬೆಲೆ ಮತ್ತು ಪ್ರಕಾಶಕರ ಹೆಸರಿರುವ ಪುಟ ಬೇಕು. ನಾಲ್ಕೂ ಮೂಲೆ ಫೋಟೊದೊಳಗೆ ಬರಲಿ.